ಗೋಡೆಯಾಚೆಯ ಎಂಟನೇ ಮಡಕೆ

ಹೊತ್ತು ಮೂಡುವ ಮುಂಚೆಯೇ ತಮಿಳುನಾಡಿನ ಮಾರ್ಕಯನ್‌ಕೋಟ್ಟೈಯ ಬಾಳೆತೋಟದಲ್ಲಿ ಪಾಂಡೀಶ್ವರಿಯವರ ಕೆಲಸ ಶುರುವಾಗುತ್ತದೆ. ಉದ್ದ ಕೋಲಿನ ತುದಿಗೆ ಕಟ್ಟಿದ ಕುಡುಗೋಲು ಒಂದು ಕೈಯಲ್ಲಿ. ಮೇಲಿಂದ ಜಾರುವ ಕುಡಿಎಲೆ ಹಿಡಿಯಲು ಇನ್ನೊಂದು ಕೈ. ಎಲೆ ನೆಲಕ್ಕೆ ಬಿದ್ದರೆ ಸೀಳಿತು, ಸೀಳಿದರೆ ಪಂಕ್ತಿಗೆ ಬಾರದು. ಏಳು ಗಂಟೆಯೊಳಗೆ ನಾನೂರು ಎಲೆ ತೇನಿಯ ವ್ಯಾನು ಹತ್ತಬೇಕು. ಮದುವೆಯೂಟ ಉಂಡು ಎಲೆ ಮಡಚಿ ಏಳುವವರಿಗೆ ಇವರ ಹೆಸರು ಯಾಕೆ ಗೊತ್ತಿರಬೇಕು, ಹೇಳಿ!

ಐವತ್ತೆರಡರ ಈ ಹೆಂಗಸು ಮಧ್ಯಾಹ್ನ ಉಂಡ ಮೇಲೆ ಕಾದಂಬರಿ ಬರೆಯುತ್ತಾರೆ. ಕಳ್ಳತನವೇನಲ್ಲ, ಆದರೂ ಬಾಗಿಲು ಹಾಕಿಕೊಂಡೇ ಬರೆಯುತ್ತಾರೆ. ಭಾಷೆ ಮನೆಯ ಕನ್ನಡ, ಅಕ್ಷರ ಶಾಲೆಯಲ್ಲಿ ಕಲಿತ ತಮಿಳಿನದು. ನೂರಾರು ವರ್ಷಗಳ ಹಿಂದೆ ಕನ್ನಡ ಸೀಮೆಯಿಂದ ಓಡಿ ಬಂದು ಈ ಕಣಿವೆಯಲ್ಲಿ ನೆಲೆ ನಿಂತ ತಮ್ಮ ಮನೆತನದ ಕಥೆಯೇ ಅದರ ವಸ್ತು. ಅಲ್ಲೊಬ್ಬ ಪಾಳೆಗಾರ ಬಿಟ್ಟಿ ದುಡಿಸುತ್ತಿದ್ದನಂತೆ, ಕೊನೆಗೆ ಮನೆಯ ಹೆಣ್ಣನ್ನೇ ಕೇಳಿದನಂತೆ. ಏಳು ಮನೆಯವರು ಒಲೆಯ ಮೇಲಿದ್ದ ಏಳು ಮಡಕೆ ಹೊತ್ತು ರಾತ್ರೋರಾತ್ರಿ ಹೊಳೆ ದಾಟಿದರಂತೆ. ವರ್ಷಕ್ಕೊಮ್ಮೆ ಮನೆದೇವರ ಪೂಜೆಯಲ್ಲಿ ಹಿರಿಯರು ಇದನ್ನು ಹಾಡಿನಂತೆ ಒಪ್ಪಿಸುತ್ತಾರೆ, ಗುಡಿಯಂಗಳದಲ್ಲಿ ಏಳು ಮಡಕೆ ಪೊಂಗಲು ಉಕ್ಕುತ್ತದೆ.

ಎಂಟನೆಯದೊಂದು ಮಡಕೆಯೂ ಇದೆ. ಅದು ಗೋಡೆಯಾಚೆ ಬೇಯುತ್ತದೆ. ಅದನ್ನು ಮನೆಯವರು ಯಾರೂ ಮುಟ್ಟುವುದಿಲ್ಲ. "ಎಲ್ಲೆ ಕಾಯೋ ಪೇಯಿಗೆ ಅಂತ ಹೇಳ್ತಿದ್ರು. ನಾನೂ ನಂಬಿದ್ದೆ" ಎನ್ನುತ್ತಾರೆ ಪಾಂಡೀಶ್ವರಿ. ಹತ್ತು ವರ್ಷದವರಿದ್ದಾಗ ಗೋಡೆಯ ಮೇಲೆ ಕೂತು, ಆ ದೆವ್ವಕ್ಕೆ ಹೊಡೆಯುತ್ತೇನೆಂದು ಕಲ್ಲು ಬೀರಿ ಆ ಮಡಕೆಯನ್ನು ಒಡೆದಿದ್ದರು. ದೊಡ್ಡವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಚೆ ಒಲೆಯ ಮುಂದೆ ಕೂತಿದ್ದ ಮಾರಿಯಮ್ಮಾಳ್ ಬೂದಿಯಲ್ಲಿ ಚೆಲ್ಲಿದ ಅನ್ನವನ್ನು ಸೆರಗಿಗೆ ಬಳಿದುಕೊಂಡರು.

ಮಾರಿಯಮ್ಮಾಳ್‌ಗೆ ಈಗ ಎಪ್ಪತ್ತೈದು. ಅಪ್ಪ, ಅಜ್ಜ ಎಲ್ಲರೂ ಈ ಮನೆಯ ಜೀತದಾಳುಗಳು. ಕೂಲಿಯಿಲ್ಲ, ಬರೀ ಕೂಳು. ಎಂಟನೇ ವಯಸ್ಸಿಗೆ ಇವರೂ ಕೊಟ್ಟಿಗೆ ಸೇರಿದರು. ಈ ಮನೆಯ ದನ ಮೇಯಿಸುತ್ತಲೇ ಈ ಮನೆಯ ಕನ್ನಡ ಕಲಿತರು. ಪಾಂಡೀಶ್ವರಿಯವರ ಮೊಮ್ಮಗಳು ಯುವಶ್ರೀಗೆ ಅಜ್ಜಿಯ ಮಾತು ಅರ್ಥವಾಗುತ್ತದೆ, ತಿರುಗಿ ಆಡಲು ಬಾರದು. ಮಾರಿಯಮ್ಮಾಳ್ ಅದನ್ನು ಅರಳು ಹುರಿದಂತೆ ಆಡುತ್ತಾರೆ. ಜೀತ ಹೋಗಿ ಎಷ್ಟೋ ಕಾಲವಾಯಿತು. ಈಗ ಇಬ್ಬರೂ ಒಂದೇ ತೋಟದಲ್ಲಿ ಎದುರುಬದುರು ಕೂತು ಬಾಳೆನಾರಿನಿಂದ ಎಲೆಕಟ್ಟು ಬಿಗಿಯುತ್ತಾರೆ.

ಹೋದ ವರ್ಷ ಹೀಗೆ ಕಟ್ಟು ಬಿಗಿಯುತ್ತಿದ್ದಾಗ ಪಾಂಡೀಶ್ವರಿ ಹೆಮ್ಮೆಯಿಂದ ತಮ್ಮ ಮೊದಲ ನೋಟುಪುಸ್ತಕ ಓದಿ ಹೇಳಿದರು. ಏಳು ಮನೆಯ ಹೆಂಗಸರು ಮಡಕೆ ಹೊತ್ತು ಹೊಳೆಗಿಳಿಯುವ ಅಧ್ಯಾಯ. ಮಾರಿಯಮ್ಮಾಳ್ ನಾರು ಕೆಳಗಿಟ್ಟು ಕೇಳಿದರು: "ಅಮ್ಮಾ, ನಿಮ್ ಹೆಂಗಸ್ರು ಯಾವತ್ತು ತಲೆ ಮ್ಯಾಲೆ ಹೊರೆ ಹೊತ್ತವ್ರೆ?"

ಪಾಂಡೀಶ್ವರಿ ನೋಟುಪುಸ್ತಕ ಮಡಚಿದರು. ಮಾರಿಯಮ್ಮಾಳ್ ಮಾತು ಮುಂದುವರಿಸಿದರು:

"ಹೊತ್ಕೊಂಡ್ ಬಂದೋಳು ನಮ್ ಪಾಟಿ, ಹಳೇ ಕಾಲದ ನಮ್ಮಜ್ಜಿ. ಏಳು ಮಡಕೇನೂ ಅವಳ ಮನೆಯೋರೇ ಹೊತ್ರು. ಎಂಟ್ನೇದು ಅವಳ್ದು. ಪೇಯಿಗಲ್ಲಮ್ಮಾ ಅದು, ನಮಗೆ."

ಬಿಟ್ಟಿ ತಾಳಲಾರದೆ ಓಡಿ ಬಂದವರು ಬಿಟ್ಟಿಯಾಳುಗಳನ್ನೂ ಜೊತೆಗೆ ಕಟ್ಟಿಕೊಂಡೇ ಬಂದಿದ್ದರು! ತನ್ನ ಬೆನ್ನು ತನಗೆ ಕಾಣುವುದಿಲ್ಲ ಎಂಬ ಗಾದೆ ಸುಳ್ಳಲ್ಲ ನೋಡಿ. "ಅವತ್ತು ಕಟ್ಟು ಕಟ್ಟಕ್ಕೆ ಕೈ ಬರ್ಲಿಲ್ಲ" ಎನ್ನುತ್ತಾರೆ ಪಾಂಡೀಶ್ವರಿ. "ನಾನು ಕಲ್ಲು ಹೊಡ್ದಿದ್ದು ಯಾರ್ ಅನ್ನಕ್ಕೆ ಅಂತ ಅವತ್ತು ತಿಳೀತು. ವಯಸ್ಸಲ್ಲಿ ಅಷ್ಟು ದೊಡ್ಡೋಳನ್ನ, ಏ ಮಾರೀ, ಬಾರೇ ಅಂತ ಕರ್ಕೊಂಡೇ ಬೆಳ್ದೆ. ವೆಕ್ಕ ಆಗ್ತದೆ. ಮುಖ ಎಲ್ಲಿ ಮುಚ್ಕೊಳ್ಳಿ?" ವೆಕ್ಕ ಎಂದರೆ ನಾಚಿಕೆ, ಅವರ ಬಾಯಲ್ಲಿ ಈಗ ದಿನವೂ ಬರುವ ತಮಿಳು ಮಾತು ಅದು.

ಆವರೆಗೆ ಬರೆದ ಒಂಬತ್ತು ನೋಟುಪುಸ್ತಕ ಪಕ್ಕಕ್ಕೆ ಹೋದವು. ಹೊಸದಾಗಿ ಬರೆದವು ಹನ್ನೊಂದಾಗಿವೆ. ಸುದ್ದಿ ತಿಳಿದ ಅಣ್ಣ ಗೋವಿಂದನ್ ಜಗಲಿಯಲ್ಲಿ ನಿಂತೇ ಕೂಗಾಡಿದರು: "ಏಳು ಮನೆ ಅಂತ ದೇವ್ರ ಮುಂದೆ ಹೇಳ್ಕೊಂಡ್ ಬಂದೀವಿ. ನೀ ಎಂಟು ಅಂತ ಬರ್ದ್ರೆ ನಮ್ಮ ಮಾನ ಏನಾಗ್ಬೇಕು?" ತಂಗಿ ಕೊಟ್ಟ ಉತ್ತರ ಇಷ್ಟೇ: "ಮಾನ ಇತ್ತಾ ಅಣ್ಣಾ?" ಅಣ್ಣನ ಮನೆಯವರು ಅಂದಿನಿಂದ ಮಾತು ಬಿಟ್ಟಿದ್ದಾರೆ.

ಬೆಳಗ್ಗೆ ಈಗ ಮಾರಿಯಮ್ಮಾಳ್‌ಗೆ ಮೊದಲು ಟೀ. ಪಾಂಡೀಶ್ವರಿ ಅವರನ್ನು "ಅಕ್ಕಾ" ಎನ್ನುತ್ತಾರೆ. ತಮ್ಮನ್ನು "ಅಮ್ಮಾ" ಎನ್ನಬೇಡಿ ಎಂದು ಎಷ್ಟು ಬೇಡಿಕೊಂಡರೂ ಅವರ ನಾಲಿಗೆ ಹೊರಳುತ್ತಿಲ್ಲ. "ರೂಢಿ ಬಿದ್ಹೋಗೈತೆ, ಬಿಡಮ್ಮಾ" ಎಂದು ಹಲ್ಲಿಲ್ಲದ ಬಾಯಲ್ಲಿ ನಗುತ್ತಾರೆ.

ಕಾದಂಬರಿ ಮುಗಿಯಲು ಒಂದೇ ಒಂದು ಪದ ಬಾಕಿ: ಮಡಕೆ ಹೊತ್ತು ಬಂದ ಆ ಹೆಂಗಸಿನ ಹೆಸರು. ಏಳು ಮನೆಯ ಹಿರಿಯರ ಹೆಸರು ಪೂಜೆಯ ಹಾಡಿನಲ್ಲಿದೆ, ಇವಳದಿಲ್ಲ. ಅದು ಮಾರಿಯಮ್ಮಾಳ್‌ಗೆ ಗೊತ್ತು. ಆ ಮನೆಯಲ್ಲಿ ತಾಯಿ ಮಗಳ ಕಿವಿಯಲ್ಲಿ ಹೇಳಿಕೊಂಡು ಬಂದ ಹೆಸರದು. ಪಾಂಡೀಶ್ವರಿ ಮೂರು ಸಲ ಕೇಳಿದರು. ಮೂರನೇ ಸಲ ಮಾರಿಯಮ್ಮಾಳ್ ಎಲೆಯಿಂದ ಕಣ್ಣೆತ್ತದೆ ಹೇಳಿದರು: "ಎಲ್ಲಾ ನಿಮಗೇ ಕೊಟ್ವಮ್ಮಾ. ಅದೊಂದು ನಮ್ಮತ್ರಾನೇ ಇರ್ಲಿ."

ಹನ್ನೊಂದೂ ನೋಟುಪುಸ್ತಕಗಳಲ್ಲಿ ಅಲ್ಲಲ್ಲಿ ಒಂದು ಹೆಸರಿನಷ್ಟು ಜಾಗ ಖಾಲಿಯಿದೆ. ಬೇರೆ ಹೆಸರು ಕಟ್ಟಿ ಹಾಕಬಹುದಲ್ಲ, ಕಾದಂಬರಿ ತಾನೇ ಎಂದರೆ ಪಾಂಡೀಶ್ವರಿ ಬೆರಳಿನಿಂದ ಆ ಜಾಗವನ್ನು ಸವರುತ್ತಾರೆ.

"ಬೇಡ. ಅಚ್ಚಾದ್ರೆ ಹಿಂಗೇ ಖಾಲಿಯಾಗೇ ಅಚ್ಚಾಗ್ಲಿ. ಓದೋರು ಯಾಕೆ ಖಾಲಿ ಅಂತ ಕೇಳ್ಲಿ, ನಾನು ಹೇಳ್ತೀನಿ. ಅಕ್ಕ ಕೊಡ್ಲಿಲ್ಲ, ಕೊಡೋ ಹಂಗೆ ನಾವು ನಡ್ಕೊಂಡಿರ್ಲಿಲ್ಲ ಅಂತ."