ಶಿವರಂಜನಿಯ ನಾಲ್ಕು ಫಾರಂಗಳು

ಹನೂರಿನ ಶಿವರಂಜನಿಗೆ ಬೆಂಗಳೂರಿನ ಯಾವ ಬಡಾವಣೆಯಲ್ಲಿ ಯಾವ ಶಾಲೆ ಇದೆ, ಒಂದನೇ ಕ್ಲಾಸಿಗೆ ಎಷ್ಟು ಸೀಟಿವೆ ಎಂಬುದೆಲ್ಲ ಬಾಯಿಪಾಠ. ಬೆಂಗಳೂರನ್ನು ಆಕೆ ಕಂಡದ್ದು ಮಾತ್ರ ಎರಡೇ ಸಲ. ಇದಕ್ಕೆಲ್ಲ ಕಾರಣ ಅಲ್ಲಿರುವ ಓರಗಿತ್ತಿ ಕೋಮಲ. ಕೋಮಲಳ ಮಗಳು ಟೈ ಕಟ್ಟಿಕೊಂಡ ಫೋಟೋ ಮೊಬೈಲಿಗೆ ಬಂದ ದಿನ ಇವಳಿಗೆ ಅನ್ನ ಸೇರಲಿಲ್ಲ. "ಅದೇನ್ ಮಹಾ ಸ್ಕೂಲು, ಆಟದ ಬಯಲೇ ಇಲ್ವಂತೆ" ಎಂದು ಬೀದಿಗೆಲ್ಲ ಹೇಳಿ ಬಂದವಳು, ಸಂಜೆ ಅದೇ ಶಾಲೆಗೆ ಫೋನು ಮಾಡಿ ತನ್ನ ಮಗಳಿಗೂ ಅರ್ಜಿ ಫಾರಂ ಕೇಳಿದಳು. ಅಂದಿನಿಂದ ಕೊಳ್ಳೇಗಾಲದ ಬಸ್ಸಿನಲ್ಲಿ ಬೆಂಗಳೂರಿನ ಮಗು ಸಿಕ್ಕರೆ ಬಿಡುವುದಿಲ್ಲ. "ನಿಮ್ ಮಿಸ್ಸು ಇಂಗ್ಲೀಸಲ್ಲೇ ಬಯ್ತಾರಾ?" ಎಂದು ಕೇಳುತ್ತಾಳೆ, ಹೌದೆಂದರೆ ಆ ಶಾಲೆಗೆ ಒಂದು ಅಂಕ ಹೆಚ್ಚು. ಗಂಡ ಷಡಕ್ಷರಿ, "ಮಗ್ಳು ಇಲ್ಲೇ ಚೆನ್ನಾಗ್ ಓದ್ತಾವ್ಳೆ, ಬುಡು ಅತ್ಲಾಗೆ" ಎಂದರೆ, "ಅಲ್ಲೇ ಒಂದ್ ಮನೆ ಮಾಡ್ಕಂಡು ನಾ ಇರ್ತೀನಿ. ಕೋಮಲನ ಮಗಳ ಮುಂದೆ ನನ್ ಮಗಳು ಕೈಕಟ್ಕಂಡು ನಿಂತ್ಕಬೇಕಾ?" ಎನ್ನುತ್ತಾಳೆ. ಈ ವರ್ಷ ನಾಲ್ಕು ಶಾಲೆಗಳ ಫಾರಂ ತರಿಸಿ, ಮಗಳ ಹೆಸರು, ಗಂಡನ ಕೆಲಸ ಎಲ್ಲವನ್ನೂ ಗುಂಡಗೆ ತುಂಬಿಟ್ಟಳು, ಒಂದನ್ನೂ ಕಳಿಸಲಿಲ್ಲ. ಯಾಕೆಂದು ಷಡಕ್ಷರಿ ಒಮ್ಮೆ ತೆಗೆದು ನೋಡಿದ. 'ತಾಯಿಯ ವಿದ್ಯಾಭ್ಯಾಸ' ಎಂಬಲ್ಲಿ ಕೋಮಲ ತನ್ನ ಮಗಳ ಫಾರಂನಲ್ಲಿ ಎಂ.ಎಸ್ಸಿ. ಎಂದು ಬರೆದಿದ್ದಳಂತೆ. ಇವಳು ಪೆನ್ಸಿಲಿನಲ್ಲಿ 'ಏಳನೇ ಕ್ಲಾಸು' ಎಂದು ಬರೆದು, ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ, ನಾಲ್ಕೂ ಫಾರಂಗಳಲ್ಲಿ ಅಷ್ಟು ಜಾಗದ ಕಾಗದ ತೂತು ಬಿದ್ದಿತ್ತು.