ಬೇಡದ ಊರಿನ ದರ ಮೊದಲು

ವಿಮಾನದ ದರ ನೋಡಲು ಕೂರುವ ಮುನ್ನ ಅಕ್ಕ ಎರಡೂ ಕೈಯ ಗಾಜಿನ ಬಳೆಗಳನ್ನು ಮೇಲಕ್ಕೆ ಒತ್ತಿ, ಮೊಣಕೈ ಕೆಳಗೆ ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತಿದ್ದಳು. ಸದ್ದಾಗಬಾರದು ಅಂತ. ಕೆಲಸ ಮುಗಿಸಿ ಬಳೆ ಇಳಿಸಿದಾಗ ದಪ್ಪ ತೋಳಿನ ಮೇಲೆ ಕೆಂಪು ಗೆರೆಗಳು ಉಳಿದಿರುತ್ತಿದ್ದವು. ರೈಲಿನ ಟಿಕೆಟ್ಟಿಗೆ, ಬಸ್ಸಿನ ಟಿಕೆಟ್ಟಿಗೆ ಈ ಶಾಸ್ತ್ರವಿರಲಿಲ್ಲ. ವಿಮಾನಕ್ಕೆ ಮಾತ್ರ. ಕಂಪ್ಯೂಟರಿನ ಮೇಲಿದ್ದ ಪುಟ್ಟ ಕ್ಯಾಮೆರಾಗೆ ಒಂದು ಕೆಂಪು ಸ್ಟಿಕರ್ ಬೊಟ್ಟು ಅಂಟಿಸಿದ್ದಳು. "ಅದು ನಮ್ಮನ್ನ ನೋಡ್ತದೆ ಕಣೆ," ಅನ್ನುತ್ತಿದ್ದಳು, ಎದುರು ಮನೆಯವರ ವಿಷಯ ಹೇಳುವಷ್ಟು ಸಲೀಸಾಗಿ.

ಚಂದಾಪುರದಲ್ಲಿ ಆನೇಕಲ್ ರಸ್ತೆಗೆ ಮುಖ ಮಾಡಿದ್ದ ಅಂಗಡಿ ಅದು. ಜೆರಾಕ್ಸ್, ಲ್ಯಾಮಿನೇಷನ್, ಅರ್ಜಿ ತುಂಬುವುದು, ಟಿಕೆಟ್ ಬುಕ್ಕಿಂಗ್. ಮೇಲಿನ ಎರಡು ಮಹಡಿಗಳಲ್ಲಿ ಸಾಲು ಬಾಡಿಗೆ ಮನೆಗಳು. ಅದರಲ್ಲೊಂದರಲ್ಲಿ ನಾವಿದ್ದೆವು. ಅಂಗಡಿ, ಕಟ್ಟಡ ಎರಡೂ ಅಕ್ಕನವು. ನಾನು ಅವಳನ್ನು ಕರೆಯುತ್ತಿದ್ದದ್ದಷ್ಟೇ ಅಕ್ಕ ಅಂತ; ಅವಳದು ಹಳೇ ಊರಿನ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೇ ಆ ಕಟ್ಟಡ ಎದ್ದಿತ್ತು. ನಮ್ಮಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಅಪ್ಪ ಎಲೆಕ್ಟ್ರಾನಿಕ್ ಸಿಟಿಯ ಒಂದು ಗೇಟಿನಲ್ಲಿ ಸೆಕ್ಯುರಿಟಿ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಕಾಲೇಜಿನ ಅರ್ಜಿ, ಸ್ಕಾಲರ್‌ಶಿಪ್ಪಿನ ಅರ್ಜಿ ಎಲ್ಲ ತುಂಬಿದ್ದು ಹತ್ತನೇ ತರಗತಿ ಫೇಲಾಗಿದ್ದ ಈ ಅಕ್ಕ. ಸ್ಕಾಲರ್‌ಶಿಪ್ಪಿನ ಕೊನೇ ದಿನ ಸರ್ವರ್ ಕೈಕೊಟ್ಟಿತ್ತು. "ನೀನು ಪರೀಕ್ಷೆಗೆ ಓಗು, ಇದನ್ನ ನಾನು ಕಾಯ್ತೀನಿ," ಅಂದವಳು ಮಧ್ಯಾಹ್ನದ ಊಟಕ್ಕೂ ಏಳದೆ ಆ ಸುತ್ತುವ ಚಕ್ರದ ಮುಂದೆ ಕೂತಿದ್ದಳಂತೆ. ನಾನು ಪಾಸಾದಾಗ ನನ್ನ ಸರ್ಟಿಫಿಕೇಟಿನ ಕಲರ್ ಜೆರಾಕ್ಸ್ ತೆಗೆದು ಅಂಗಡಿಯ ಗೋಡೆಗೆ ಅಂಟಿಸಿದಳು. ಕೇಳಿದವರಿಗೂ ಕೇಳದವರಿಗೂ, "ನಮ್ಮುಡ್ಗಿ," ಎಂದು ತೋರಿಸುತ್ತಿದ್ದಳು.

ಅಕ್ಕ ಒಮ್ಮೆ ತನ್ನ ತಂಗಿಯನ್ನು ಜೀವ ಇರುವಾಗಲೇ ನೋಡಬೇಕೆಂದು ಹೊರಟಿದ್ದಳು. ಆ ದಾರಿಗೆ ನನ್ನ ಓದು ಅಡ್ಡ ಬಂತೇನೋ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ಬರೆಯುತ್ತಿರುವುದು ಅದಕ್ಕೇ.

ಅವಳ ಅಪ್ಪ ದನದ ದಲ್ಲಾಳಿ. ಸಂತೆಯಲ್ಲಿ ಎತ್ತಿನ ವ್ಯಾಪಾರ ಬಾಯಲ್ಲಿ ಆಗುವುದಿಲ್ಲ. ಕೊಳ್ಳುವವನ ಕೈ, ದಲ್ಲಾಳಿಯ ಕೈ ಎರಡರ ಮೇಲೂ ಒಂದು ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ದರ ಹೇಳುವುದು. ಪಕ್ಕದಲ್ಲಿ ನಿಂತವನಿಗೂ ತಿಳಿಯಬಾರದು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಸಂತೆಗೆ ಹೋಗಿ ಅಕ್ಕ ಕಲಿತದ್ದು ಇಷ್ಟು: ಯಾವ ಎತ್ತು ಬೇಕೋ ಅದರ ಕಡೆ ತಿರುಗಿ ನೋಡಬಾರದು. ಬೇಡದ ಎತ್ತಿನ ಹಲ್ಲು ಹಿಡಿದು ನೋಡಬೇಕು, ಬಾಲ ಎಳೆದು ನೋಡಬೇಕು, ಬೇಸರ ಮಾಡಿಕೊಂಡು ಹೊರಡುವವರ ಥರ ಬೇಕಾದದ್ದರ ಮುಂದೆ ನಿಲ್ಲಬೇಕು.

ಈ ವಿದ್ಯೆಯನ್ನೇ ಅವಳು ಟಿಕೆಟ್ ಸೈಟುಗಳ ಮೇಲೂ ಹೂಡಿದ್ದಳು. ಗಿರಾಕಿಗಳೆಲ್ಲ ಸುತ್ತಲಿನ ಫ್ಯಾಕ್ಟರಿಗಳಲ್ಲಿ ದುಡಿಯುವ ಅಸ್ಸಾಮಿನವರು, ಒಡಿಶಾದವರು, ಬಿಹಾರದವರು. ಗುವಾಹಟಿ ಬೇಕೆಂದರೆ ಅಕ್ಕ ಮೊದಲು ಕೊಚ್ಚಿ ಹುಡುಕುತ್ತಿದ್ದಳು, ಆಮೇಲೆ ಜೈಪುರ, ಆಮೇಲೆ ಮುಂದಿನ ತಿಂಗಳ ಗುವಾಹಟಿ. ಕೊನೆಗೆ ಹಳೇ ಹುಡುಕಾಟವನ್ನೆಲ್ಲ ಅಳಿಸಿ, ಒಂದೇ ಒಂದು ಸಲ ಬೇಕಾದ ದಿನ. ದರ ಏರಿದ್ದರೆ ಎದ್ದು ಹೋಗಿ ಕಾಫಿ ಮಾಡುತ್ತಿದ್ದಳು. "ತಣ್ಣಗಾಗ್ಲಿ." ಅರ್ಧ ಗಂಟೆ ಯಾರೂ ಮುಟ್ಟುವಂತಿಲ್ಲ. ಊರಿನಿಂದ ಕೆಟ್ಟ ಸುದ್ದಿ ಬಂದು ಅಳುತ್ತಾ ಬಂದವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನೀರು ಕೊಡುತ್ತಿದ್ದಳು. "ಭಯ್ಯಾ, ಇಲ್ಲೇ ಅಳು. ಒಳಗೆ ಬಂದು ಅರ್ಜೆಂಟು ಅಂತ ಬಾಯ್ಬುಟ್ಟೆ ಅಂದ್ರೆ ಅದು ಡಬ್ಬಲ್ ಮಾಡ್ತದೆ."

ನನಗೆ ನಗು, ಸಿಟ್ಟು ಎರಡೂ ಬರುತ್ತಿತ್ತು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ಆರೇಳು ತಿಂಗಳು ದಿನಾ ಬೆಳಿಗ್ಗೆ ಅಂಗಡಿಯಲ್ಲೇ ಕೂರುತ್ತಿದ್ದೆ.

"ಅಕ್ಕಾ, ಅದು ಮನುಷ್ಯ ಅಲ್ಲ. ಸೀಟು ಖಾಲಿ ಆದಂಗೆ ದರ ಏರುತ್ತೆ, ಅಷ್ಟೇ."

"ಅಂಗಾದ್ರೆ ಮೊನ್ನೆ ನಾನು ಕುಕ್ಕರ್ ನೋಡ್ದೆ. ಮೂರು ದಿನ ಎಲ್ಲಿ ಓದ್ರೂ ಕುಕ್ಕರೇ. ಅದು ನನ್ನ ಇಂದೆ ಬರ್ಬೋದು, ಇದು ಬರಂಗಿಲ್ವಾ?"

ಪರೀಕ್ಷೆ ಮಾಡಿಯೇ ಬಿಡೋಣ ಅಂದೆ. ಅವಳ ಕಂಪ್ಯೂಟರಿನಲ್ಲಿ ಭುವನೇಶ್ವರಕ್ಕೆ ಹತ್ತು ಸಲ ಹುಡುಕಿ, ಅದೇ ಗಳಿಗೆಯಲ್ಲಿ ನನ್ನ ಫೋನಿನಲ್ಲಿ ಒಂದೇ ಸಲ ನೋಡಿದೆವು. ಒಂದೇ ದರ. ನಾನು ಕೈ ತಟ್ಟಿದೆ. ಮಾರನೇ ದಿನ ನೋಡಿದರೆ ಫೋನಿಗಿಂತ ಕಂಪ್ಯೂಟರಿನಲ್ಲಿ ಮುನ್ನೂರು ರೂಪಾಯಿ ಜಾಸ್ತಿ. ಅಕ್ಕ ಕೈ ತಟ್ಟಲಿಲ್ಲ. ಎದ್ದು ಗೋಡೆ ಮೇಲಿನ ನನ್ನ ಸರ್ಟಿಫಿಕೇಟಿನ ಧೂಳು ಒರೆಸಿ ಬಂದು ಕೂತಳು. ಅದಕ್ಕಿಂತ ದೊಡ್ಡ ಮೂದಲಿಕೆ ಬೇಕಿರಲಿಲ್ಲ.

ತಾಯಿ ಬೇಗ ತೀರಿಕೊಂಡಿದ್ದರಿಂದ ತಂಗಿಯನ್ನು ಸಾಕಿದವಳು ಅಕ್ಕನೇ. ಆ ತಂಗಿಯನ್ನು ಮಿಲಿಟರಿಯವನಿಗೆ ಕೊಟ್ಟಿದ್ದರು. ಗುವಾಹಟಿಯಲ್ಲಿದ್ದರು. ಎಷ್ಟೋ ಜನರನ್ನು ಗುವಾಹಟಿಗೆ ಕಳಿಸಿದ್ದ ಅಕ್ಕ ತಾನು ಒಮ್ಮೆಯೂ ವಿಮಾನ ಹತ್ತಿರಲಿಲ್ಲ. "ಈ ಸಲ ದರ ಇಳೀಲಿ, ಓಗ್ತೀನಿ," ಅನ್ನುತ್ತಲೇ ಇದ್ದಳು.

ಒಂದು ಬೆಳಿಗ್ಗೆ ಹತ್ತು ಗಂಟೆಗೆ ತಂಗಿಯ ಗಂಡನ ಫೋನು ಬಂತು. ಹೆರಿಗೆಯಾಗಿ ಮಗು ಚೆನ್ನಾಗಿತ್ತು, ತಂಗಿಗೆ ರಕ್ತ ನಿಲ್ಲುತ್ತಿರಲಿಲ್ಲ. ಪ್ರಜ್ಞೆ ಬಂದಾಗಲೆಲ್ಲ ಅಕ್ಕನನ್ನೇ ಕೇಳುತ್ತಿದ್ದಾಳೆ, ಆದಷ್ಟು ಬೇಗ ಬನ್ನಿ ಅಂದ.

ಮಧ್ಯಾಹ್ನ ಮೂರೂವರೆಗೆ ಒಂದು ವಿಮಾನವಿತ್ತು. ಚಂದಾಪುರದಿಂದ ಏರ್‌ಪೋರ್ಟಿಗೆ ಇಡೀ ಬೆಂಗಳೂರು ದಾಟಬೇಕು, ಹನ್ನೆರಡಕ್ಕಾದರೂ ಹೊರಡಬೇಕಿತ್ತು. ಅಕ್ಕ ಕಂಪ್ಯೂಟರಿನ ಮುಂದೆ ಕೂತು ಬಳೆ ಏರಿಸಿಕೊಳ್ಳಲು ಹೋದಳು. ಅರ್ಧಕ್ಕೇ ಬಿಟ್ಟಳು. ಅಭ್ಯಾಸದಂತೆ ಕೊಚ್ಚಿ ಎಂದು ಒತ್ತತೊಡಗಿದಳು.

"ಅಕ್ಕಾ, ಟೈಮಿಲ್ಲ. ಸೀದಾ ಗುವಾಹಟಿ ಹಾಕು. ಯಾವ ಮಿಷಿನ್ನೂ ನಿನ್ನನ್ನ ನೋಡ್ತಾ ಇಲ್ಲ."

ಅವಳು ನನ್ನ ಮುಖ ನೋಡಿದಳು. "ನೀನು ಓದಿದೋಳು. ಯೋಳು, ಗ್ಯಾರಂಟಿನಾ?"

"ಗ್ಯಾರಂಟಿ."

ಜೀವನದಲ್ಲಿ ಮೊದಲ ಸಲ ಅಕ್ಕ ಬೇಕಾದ ಊರನ್ನೇ ನೇರವಾಗಿ ಹಾಕಿದಳು. ಎಂಟು ಸಾವಿರದ ನಾನೂರು. ಹೆಸರು, ವಯಸ್ಸು ತುಂಬಿದೆವು. ಒಟಿಪಿ ಬರಲಿಲ್ಲ. ಪುಟ ಬಿಳಿಯಾಗಿ ನಿಂತುಹೋಯಿತು. ಮತ್ತೆ ಮೊದಲಿಂದ ಹುಡುಕಿದರೆ ಹನ್ನೊಂದು ಸಾವಿರದ ಒಂಬೈನೂರು.

ಅಕ್ಕ ಮೌಸಿನಿಂದ ಕೈ ತೆಗೆದಳು. "ನೋಡ್ಬುಡ್ತು ಕಣೆ," ಅಂದಳು, ಪಿಸುಮಾತಿನಲ್ಲಿ.

ಅವಳ ಹತ್ತಿರ ದುಡ್ಡಿತ್ತು. ದುಡ್ಡಿನ ಮಾತೇ ಅಲ್ಲ. ತನ್ನ ಸಂಕಟ ಅದಕ್ಕೆ ಗೊತ್ತಾಗಿಹೋಯಿತು, ಈಗ ಒತ್ತಿದಷ್ಟೂ ಅದು ಏರುತ್ತಲೇ ಹೋಗುತ್ತದೆ, ಟಿಕೆಟ್ಟೇ ಕೈಗೆ ಸಿಗದ ಹಾಗೆ ಆಡಿಸುತ್ತದೆ ಎಂದು ಅವಳು ನಿಜವಾಗಿ ನಂಬಿದ್ದಳು. "ಅರ್ಧ ಗಂಟೆ. ತಣ್ಣಗಾಗ್ಲಿ. ಹನ್ನೊಂದಕ್ಕೆ ತಗಂಡ್ರೂ ಓಗ್ಬೋದು." ಎದ್ದು ಒಳಗೆ ಹೋಗಿ ಸೀರೆ ಮಡಚತೊಡಗಿದಳು.

ಆಗ ನಾನು ಹೇಳಬೇಕಿತ್ತು. ಎಷ್ಟಾದರೂ ಆಗಲಿ, ಈಗಲೇ ತಗೊ ಅಂತ ಕೂಗಬೇಕಿತ್ತು. ಆದರೆ ಆಗಷ್ಟೇ ಗ್ಯಾರಂಟಿ ಅಂದಿದ್ದೆ, ಅದು ನನ್ನ ಕಣ್ಣೆದುರೇ ಸುಳ್ಳಾದ ಹಾಗೆ ಕಾಣುತ್ತಿತ್ತು. ಅವಳ ಕುರ್ಚಿಯ ಪಕ್ಕ ಅರ್ಧ ಗಂಟೆ ನಿಂತಿದ್ದೆ. ಒಬ್ಬ ಆಧಾರ್ ಜೆರಾಕ್ಸಿಗೆ ಬಂದ, ತೆಗೆದುಕೊಟ್ಟೆ.

ಹನ್ನೊಂದಕ್ಕೆ ನೋಡಿದಾಗ ಆ ವಿಮಾನದಲ್ಲಿ ಸೀಟೇ ಇರಲಿಲ್ಲ. ನನ್ನ ಫೋನಿನಲ್ಲಿ ನೋಡಿದೆವು, ಅಪ್ಪನ ಫೋನಿನಲ್ಲಿ ನೋಡಿದೆವು, ಬೇರೆ ಸೈಟುಗಳಲ್ಲಿ ನೋಡಿದೆವು. ಕೋಲ್ಕತ್ತ ಮೇಲೆ ಸುತ್ತಿ ಹೋಗುವುದೂ ಇರಲಿಲ್ಲ. ಸಿಕ್ಕಿದ್ದು ಮಾರನೇ ಬೆಳಗಿನದು. ಅದರ ದರ ಎಷ್ಟೆಂದು ಅಕ್ಕ ನೋಡಲೂ ಇಲ್ಲ. ವಿಮಾನ ಇಳಿದು ಫೋನ್ ಆನ್ ಮಾಡಿದಾಗ ತಂಗಿಯ ಗಂಡ ಹೇಳಿದನಂತೆ, ಅವಳು ಹೋಗಿ ಎರಡು ಗಂಟೆಯಾಯಿತು ಎಂದು.

ತಿಂಗಳು ಕಳೆದು ಅಕ್ಕ ವಾಪಸ್ಸು ಬಂದು ಅಂಗಡಿ ತೆಗೆದಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ವಾಸಿಯಿತ್ತು. ಬದಲಾದದ್ದು ಒಂದೇ: ವಿಮಾನದ ಟಿಕೆಟ್ಟಿಗೆ ಯಾರೇ ಬಂದರೂ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ, "ನೀನೇ ಒತ್ತು ಭಯ್ಯಾ," ಅನ್ನುತ್ತಿದ್ದಳು. ಅವರು ಒತ್ತುವಾಗ ಬೀದಿ ಕಡೆ ನೋಡುತ್ತಿದ್ದಳು.

ನನಗೆ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಕೆಲಸ ಸಿಕ್ಕಿತು. ಹಿಂದೆ ಟಿಕೆಟ್ ಸೈಟೊಂದರಲ್ಲಿದ್ದ ಸಹೋದ್ಯೋಗಿಯನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿದೆ. "ಒಂದು ದರಕ್ಕೆ ಇಷ್ಟೇ ಸೀಟು ಅಂತ ಇರುತ್ತೆ. ಅದು ಮುಗಿದ್ರೆ ಮುಂದಿನ ದರ. ನೀವು ಒಟಿಪಿ ಕಾಯೋವಾಗ ಇನ್ಯಾರೋ ತಗೊಂಡಿರ್ತಾರೆ," ಅಂದ. ಹುಡುಕಿದ್ದನ್ನು ನೋಡಿ ದರ ಏರಿಸುವುದು ಇದೆಯಾ ಅಂದೆ. "ನಾನಿದ್ದ ಕಡೆ ಅಂಥದ್ದು ನೋಡಿಲ್ಲ. ಬೇರೆ ಕಡೆ ಇಲ್ಲ ಅಂತ ಹೆಂಗೆ ಹೇಳ್ಲಿ? ಒಳಗೆ ಕೂತಿದ್ದ ನನಗೇ ಪೂರ್ತಿ ಗೊತ್ತಿರ್ಲಿಲ್ಲ." ಕಾಫಿ ಮುಗಿಸಿ ಎದ್ದು ಹೋದ. ನಾನು ಇನ್ನೂ ಎಲ್ಲೆಲ್ಲೋ ಓದಿದೆ. ಒಬ್ಬರು ಇದೆ ಅನ್ನುತ್ತಾರೆ, ಒಬ್ಬರು ಬರೀ ಕಟ್ಟುಕಥೆ ಅನ್ನುತ್ತಾರೆ.

ಅದು ನೋಡುತ್ತಿತ್ತು ಅನ್ನುವುದಾದರೆ, ಅಕ್ಕನನ್ನು ಸೀದಾ ಅದರ ಬಾಯಿಗೆ ತಳ್ಳಿದವಳು ನಾನು. ನೋಡುತ್ತಿರಲಿಲ್ಲ ಅನ್ನುವುದಾದರೆ, ಆ ಅರ್ಧ ಗಂಟೆ ಕಾಯಿಸಿದವಳು ಅಕ್ಕ. ಮೂರನೇ ದಾರಿ ನನಗೆ ಕಾಣಲಿಲ್ಲ.

ಸಕ್ಕರೆ ಕಾಯಿಲೆ ಅಕ್ಕನ ಕಾಲಿಗಿಳಿದು, ಆಮೇಲೆ ಕಿಡ್ನಿಗೆ ಹತ್ತಿತು. ಹೋದ ವರ್ಷ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಬರಿಗೈಯಲ್ಲಿದ್ದಳು. ಸೂಜಿ ಚುಚ್ಚಲು ಬಳೆ ತೆಗೆಸಿದ್ದರು. ಪಕ್ಕದಲ್ಲಿ ಕೂತೆ. ಅಷ್ಟು ದಿನ ಎತ್ತದ ಮಾತನ್ನು ಅವತ್ತು ಅವಳೇ ಎತ್ತಿದಳು.

"ನಿನ್ನ ಆಫೀಸ್ನಾಗೆ ಕೇಳಿದ್ಯೇನೆ?"

"ಏನು ಅಕ್ಕಾ?"

"ಅವತ್ತು. ಅದು ನೋಡ್ತಾ ಇತ್ತಾ, ಇಲ್ವಾ?"

ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು. ಅರ್ಧ ಗಂಟೆಯನ್ನು ಅವಳು ಎಷ್ಟು ವರ್ಷ ಹೊತ್ತುಕೊಂಡಿದ್ದಳೆಂದು ನನಗೆ ಆಗ ಹೊಳೆಯಿತು.

"ಕೇಳ್ದೆ ಅಕ್ಕಾ. ನೋಡ್ತದಂತೆ. ನೀನು ಹೇಳಿದ್ದೇ ಸರಿ. ನಾನು ಸೀದಾ ಹಾಕು ಅನ್ನಬಾರದಿತ್ತು."

ದಲ್ಲಾಳಿಯ ಮಗಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಿದಳೋ ಇಲ್ಲವೋ, ನನ್ನ ಬೆರಳುಗಳನ್ನು ಹಿಡಿದುಕೊಂಡು, "ಅಂಗೇ ಇರ್ಲಿ ಬುಡು," ಅಂದಳು.

ನಾಲ್ಕನೇ ದಿನ ಹೋಗಿಬಿಟ್ಟಳು.

ನಾನು ಹೇಳಿದ್ದು ಸುಳ್ಳೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ. ಓದಿದವಳು ಅಂತ ನನ್ನನ್ನು ಕೇಳಿದಳು. ನನ್ನ ಹತ್ತಿರ ಕೊಡಲು ಇದ್ದದ್ದು ಅದೊಂದೇ.