ನನ್ನ ಕಂಪ್ಯೂಟರಿನಲ್ಲಿ ಮಾತ್ರ ಕೇಳಿದ ಕೂಗು

ಸುರಪುರದ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಕಲಿಸುತ್ತೇನೆ. ಹುಣಸಗಿ ಕಡೆಯ ಹಳ್ಳಿಯಲ್ಲಿ ಮೇಷ್ಟ್ರಾಗಿರುವ ನನ್ನ ಗೆಳೆಯನದು ಕುರಿ ಸಾಕುವ ಮನೆ. ಕುರಿಗಳನ್ನು ನೀರಿಗೆ ಕರೆಯಲು ಅವನ ಅವ್ವ ಒಂದು ಕೂಗು ಹಾಕುತ್ತಿದ್ದಳು, ಹಟ್ಟಿಗೆ ಮರಳಿಸಲು ಇನ್ನೊಂದು, ಮರಿಗಳನ್ನು ತಾಯಿಯ ಹತ್ತಿರ ಬಿಡುವಾಗ ಮತ್ತೊಂದು. ಅಕ್ಷರದಲ್ಲಿ ಬರೆಯಲು ಬಾರದವು ಅವು. ಅವನ್ನೆಲ್ಲ ರೆಕಾರ್ಡ್ ಮಾಡಿ, ಚಿತ್ರ ಒತ್ತಿದರೆ ಕೂಗು ಕೇಳುವ ಪ್ರೋಗ್ರಾಂ ಮಾಡಲು ಇಬ್ಬರೂ ಕೈಹಾಕಿದೆವು.

ಜಗಳ ಹತ್ತಿದ್ದು ಬಿಲ್ಡ್ ಮಾಡುವ ವಿಷಯಕ್ಕೆ. ಬರೆದ ಕೋಡು, ಚಿತ್ರ, ಧ್ವನಿ ಎಲ್ಲ ಸೇರಿಸಿ ಓಡುವ ಪ್ರೋಗ್ರಾಂ ಮಾಡಿಕೊಡುವ ಕೆಲಸ ಅದು. ನನ್ನದು ವಿಂಡೋಸ್, ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್. ಕೋಡು ಎರಡೂ ಕಡೆ ನಡೆಯುವಂಥದ್ದೇ; ಬಿಲ್ಡ್ ಮಾಡಲೂ ಎರಡೂ ಕಡೆ ನಡೆಯುವ ಸಿಮೇಕ್ ಎಂಬ ಸಾಧನ ಆರಿಸೋಣ ಅಂತ ಅವನು ಮೊದಲ ದಿನವೇ ಹೇಳಿದ. ನಾನು ಕೇಳಬೇಕಲ್ಲ! ಕಂಪ್ಯೂಟರ್ ಕಲಿಸುವವನು ನಾನು, ಕಲಿಯುವವನು ಅವನು ಎಂಬ ಹಮ್ಮು. ನನ್ನ ಡಿ ಡ್ರೈವಿನ ಫೋಲ್ಡರುಗಳ ಹೆಸರನ್ನೇ ಹಾಕಿ ಬಿಲ್ಡ್ ಮಾಡಲು ವಿಂಡೋಸಿಗಷ್ಟೇ ತಿಳಿಯುವ ಒಂದು ಬ್ಯಾಚ್ ಫೈಲ್ ಬರೆದೆ. ನನ್ನ ಕಂಪ್ಯೂಟರ್ ಬಿಟ್ಟು ಬೇರೆಲ್ಲೂ ಅದು ಅಲುಗಾಡುತ್ತಿರಲಿಲ್ಲ. ಬೇಕಾದರೆ ನೀನೇ ಬಾ ಅಂದೆ. ಪಾಪ, ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಜೇಬಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು, ಬಸ್ಸು ಹತ್ತಿ ಸುರಪುರದ ರಂಗಂಪೇಟೆಯಲ್ಲಿರುವ ನನ್ನ ಮನೆಗೆ ಬರುತ್ತಿದ್ದ.

ಅವ್ವ ಹಾಸಿಗೆ ಹಿಡಿದಾಗ ಅವನು ಬರುವುದು ನಿಂತಿತು. ಫೋನಿನಲ್ಲಿ ಒಂದೇ ಕೇಳಿಕೊಂಡ.

"ಅವ್ವ ತಾನ ಚಿತ್ರ ಒತ್ತಿ ಕೇಳಬೇಕಂತಾಳ. ನನ್ನ ಲ್ಯಾಪ್‌ಟಾಪಿನ್ಯಾಗ ನಡಿಯೂವಂಗ ಮಾಡಿಕೊಡು."

ಪರೀಕ್ಷೆ ಇದೆ, ಮುಂದಿನ ವಾರ ನೋಡೋಣ ಅಂದೆ. ಆ ವಾರ ಹೋಯಿತು, ಅದರ ಮುಂದಿನದೂ ಹೋಯಿತು. ಪರೀಕ್ಷೆ ಬರೀ ನೆಪ. ಅವನು ಹೇಳಿದ್ದೇ ಸರಿ ಅಂತ ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಅಷ್ಟರಲ್ಲಿ ಅವ್ವ ತೀರಿಕೊಂಡಳು.

ಮಣ್ಣಿಗೆ ಹೋಗಿ ಬಂದ ಮರುದಿನ ಬ್ಯಾಚ್ ಫೈಲ್ ಕಿತ್ತುಹಾಕಿ ಸಿಮೇಕ್‌ಗೆ ಬರೆಯಲು ಕೂತೆ. ಹನ್ನೆರಡು ಸಾಲು. ಪಕ್ಕದಲ್ಲಿಟ್ಟ ಚಹಾ ಆರುವುದರೊಳಗೆ ಮುಗಿದೇ ಹೋಯಿತು. ಇಷ್ಟು ಕೆಲಸಕ್ಕೆ ಆ ಮುದುಕಿಯನ್ನು ಕಾಯಿಸಿದೆನಲ್ಲ ಅಂತ ನನ್ನ ಮೇಲೆ ನನಗೇ ಹೇಸಿಕೆಯಾಗಿ, ಅತ್ತುಬಿಟ್ಟೆ.

ಈ ಸಲ ಬಸ್ಸು ಹತ್ತಿದವನು ನಾನು. ಸಂಜೆ ಅವನ ಅಂಗಳದಲ್ಲಿ ಕೂತು ಅವನ ಲ್ಯಾಪ್‌ಟಾಪಿನಲ್ಲೇ ಬಿಲ್ಡ್ ಮಾಡಿದೆ. ಒಂದೇ ಏಟಿಗೆ ಆಯಿತು. ಅವನು ಬೈದಿದ್ದರೆ ಚೆನ್ನಾಗಿತ್ತು. ಹಟ್ಟಿಯ ಚಿತ್ರ ಒತ್ತಿದ. ಅವ್ವನ ಕೂಗು ಅಂಗಳದ ತುಂಬ ಕೇಳಿಸಿತು. ಆಗಷ್ಟೇ ಬಯಲಿನಿಂದ ಬಂದಿದ್ದ ಕುರಿಗಳು ಕತ್ತೆತ್ತಿದವು. ಒಂದರ ಹಿಂದೊಂದು ನಮ್ಮನ್ನು ದಾಟಿಕೊಂಡು ಹೋಗಿ, ಮನೆಯ ಬಾಗಿಲ ಮುಂದೆ ನಿಂತು ಒಳಗೆ ನೋಡತೊಡಗಿದವು.

ನಾನು ಇನ್ನೊಮ್ಮೆ ಒತ್ತಲು ಹೋದಾಗ ಗೆಳೆಯ ಕೈ ಹಿಡಿದ.

"ಬ್ಯಾಡ ಬಿಡು. ಅವು ಅವ್ವನ್ನ ಹುಡುಕತಾವ."